ಬೆಟ್ಟ ಹತ್ತಿದ ಮಳೆಕೋಟು

“ಇನ್ನೊಂದು ಅಂಗಿ ಹಾಕಿದ್ರೆ ನಾನು ಕುದುರೆ ಮೇಲೆ ಕೂರೋಕಾಗಲ್ಲ ಅಜ್ಜಿ. ಬೆಟ್ಟದಿಂದ ಸೀದಾ ಉರುಳಿಕೊಂಡೇ ಬರ್ತೀನಿ.”

“ಉರುಳು. ಬೇಗ ಮನೆ ಸೇರ್ತೀಯ,” ಎಂದಳು ಅಜ್ಜಿ.

ದಾಗ್ನಿ ಅಡುಗೆಮನೆಯ ನಡುವೆ ಎರಡು ಕೈಗಳನ್ನೂ ಅಗಲಿಸಿಕೊಂಡು ನಿಂತಿದ್ದಳು. ಉಣ್ಣೆಯ ಒಳಅಂಗಿ ಮೈಯೆಲ್ಲ ಚುಚ್ಚುತ್ತಿತ್ತು. ಅದರ ಮೇಲೆ ತೆಳು ಸ್ವೆಟರ್. ಅದರ ಮೇಲೆ ಅಜ್ಜಿ ಹೆಣೆದ ದಪ್ಪ ಸ್ವೆಟರ್. ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ. ಅಜ್ಜಿ ನೆಲದ ಮೇಲೆ ಕೂತು, ಆ ಕಾಲುಚೀಲಗಳ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ತೊಡಿಸುತ್ತಿದ್ದಳು.

“ಬ್ರೆಡ್ ಕವರ್ ಯಾಕೆ?”

“ಬೂಟಿನೊಳಗೆ ನೀರು ಬಂದ್ರೆ ಗೊತ್ತಾಗುತ್ತೆ ಯಾಕೆ ಅಂತ.”

ಮನೆ ನಿಶ್ಶಬ್ದವಾಗಿತ್ತು. ಮೊನ್ನೆ ಅಜ್ಜನ ಮಣ್ಣು ಮುಗಿದಿತ್ತು. ನಿನ್ನೆ ಕೊನೆಯ ನೆಂಟರೂ ಹೊರಟುಹೋಗಿದ್ದರು. ಅಪ್ಪನೂ ಮೀನುಹಡಗಿಗೆ ವಾಪಸಾಗಿದ್ದ. ಬಂದವರಿಗೆಂದು ಮಾಡಿದ್ದ ಕೆನೆ ಕೇಕಿನಲ್ಲಿ ಒಂದು ತುಂಡು ಉಳಿದಿತ್ತು. ದಾಗ್ನಿ ಬೆಳಗಿನ ತಿಂಡಿಗೆ ಅದನ್ನೇ ತಿಂದಳು. ಯಾರೂ ಬೇಡವೆನ್ನಲಿಲ್ಲ. ಅಜ್ಜಿ ಮೂರು ಕಪ್ಪಿಗೆ ಕಾಫಿ ಸುರಿದು, ಸ್ವಲ್ಪ ಹೊತ್ತು ನೋಡಿ, ಒಂದನ್ನು ಮತ್ತೆ ಕೆಟಲಿಗೆ ಬಗ್ಗಿಸಿದ್ದಳು.

ಈಗ ಸೆಪ್ಟೆಂಬರ್. ಐಸ್‌ಲ್ಯಾಂಡಿನಲ್ಲಿ ಬೇಸಿಗೆ ಮುಗಿಯುವ ಹೊತ್ತು. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯಲು ಬಿಟ್ಟಿದ್ದ ಕುರಿಗಳನ್ನು ಊರಿನವರೆಲ್ಲ ಸೇರಿ ಇಳಿಸಿಕೊಂಡು ಬರುವ ಕಾಲ. ಇವತ್ತು ಬೆಟ್ಟದಲ್ಲಿ ಹುಡುಕಿ ಒಟ್ಟು ಮಾಡಬೇಕು. ರಾತ್ರಿ ಅಲ್ಲೇ ಗುಡಿಸಲಲ್ಲಿ ಮಲಗಬೇಕು. ನಾಳೆ ಎಲ್ಲವನ್ನೂ ಹೊಡೆದುಕೊಂಡು ಬಂದು ಊರ ದೊಡ್ಡಿಗೆ ಸೇರಿಸಬೇಕು. ಹನ್ನೊಂದು ವರ್ಷ ತುಂಬಿದವರಿಗೆ ಮಾತ್ರ ಬೆಟ್ಟ. ದಾಗ್ನಿಗೆ ಜುಲೈನಲ್ಲಿ ಹನ್ನೊಂದು ತುಂಬಿತ್ತು.

ನಾಳೆ ಮಧ್ಯಾಹ್ನ ದೊಡ್ಡಿಯ ಕಲ್ಲುಗೋಡೆಯ ಮೇಲೆ ಅವಳ ಇಡೀ ಕ್ಲಾಸು ಕೂತಿರುತ್ತದೆ. ಸಾವಿರಾರು ಕುರಿಗಳ ಹಿಂದೆ ತಾನು ಕುದುರೆಯ ಮೇಲೆ ಬರುವುದನ್ನು ಅವರೆಲ್ಲ ನೋಡುತ್ತಾರೆ. ಅದನ್ನು ನೆನೆದರೆ ಸಾಕು, ದಾಗ್ನಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

“ಅಳ್ಳಾಡಬೇಡ,” ಎಂದಳು ಅಜ್ಜಿ.

ಅಮ್ಮ ಸೂಪಿನ ದೊಡ್ಡ ಪಾತ್ರೆಯನ್ನು ಜೀಪಿಗೆ ಹಾಕಿ ಒಳಗೆ ಬಂದಳು. ಬೆಟ್ಟಕ್ಕೆ ಹೋಗುವವರ ಊಟದ ಜೀಪು ಈ ವರ್ಷ ಅವಳದು. “ಈ ಸಲ ನಾವು ಹೋಗೋದು ಬೇಡವೇನೋ ಅಂದ್ಕೊಂಡಿದ್ದೆ,” ಎಂದಳು, ಯಾರ ಮುಖವನ್ನೂ ನೋಡದೆ.

“ನಿಮ್ಮಪ್ಪ ಸತ್ತ ಅಂತ ಕುರಿಗಳಿಗೆ ಯಾರೂ ಹೇಳಿಲ್ಲ. ಅವು ಅಲ್ಲಿ ಕಾಯ್ತಾ ಇರ್ತಾವೆ,” ಎಂದಳು ಅಜ್ಜಿ.

ಅಮ್ಮ ದಾಗ್ನಿಯ ಕಡೆ ತಿರುಗಿದಳು. “ಕೇಳಿಲ್ಲಿ. ಒದ್ದೆಯಾದ್ಯೋ, ನಡುಗಿದ್ಯೋ, ಕುದುರೆಯಿಂದ ಇಳಿದು ನನ್ನ ಪಕ್ಕ ಜೀಪಲ್ಲಿ ಕೂರ್ತೀಯ. ಅತ್ತೂ ಕರೆದೂ ಮಾಡೋ ಹಾಗಿಲ್ಲ.”

“ನಡುಗಲ್ಲ.”

“ಹಲ್ಲು ಕಟಕಟ ಅಂದ್ರೂ ಅಷ್ಟೇ.”

“ಬಾಯಿ ಮುಚ್ಕೊಂಡಿರ್ತೀನಿ. ಕೇಳ್ಸಲ್ಲ.”

ಅಮ್ಮನ ತುಟಿಯ ಒಂದು ಮೂಲೆ ಮೇಲೆ ಹೋಯಿತು. ಎಷ್ಟೋ ದಿನಗಳ ಮೇಲೆ.

ಇನ್ನು ಮಳೆಕೋಟು. ದಾಗ್ನಿಯ ಹಳೆ ಕೋಟಿನ ತೋಳು ಮೊಣಕೈಗೇ ನಿಲ್ಲುತ್ತಿತ್ತು. ಪೇಟೆಯಿಂದ ಹೊಸದು ತರಬೇಕೆಂದು ಅಮ್ಮ ಅಂದುಕೊಂಡಿದ್ದಳು. ಅಷ್ಟರಲ್ಲಿ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಯಾರಿಗೂ ಕೋಟಿನ ನೆನಪಾಗಲಿಲ್ಲ.

ಅಜ್ಜಿ ಕೊಟ್ಟಿಗೆಗೆ ಹೋಗಿ ಅಲ್ಲಿನ ಮೊಳೆಗೆ ತೂಗುಹಾಕಿದ್ದ ಕೋಟನ್ನು ತಂದಳು. ದಪ್ಪ ರಬ್ಬರಿನ ಕಿತ್ತಳೆ ಬಣ್ಣದ ಕೋಟು. ಹೋದ ಚಳಿಗಾಲವೆಲ್ಲ ಅಜ್ಜ ಅದನ್ನೇ ಹಾಕಿಕೊಂಡು ಕುರಿಗಳಿಗೆ ಹುಲ್ಲು ಹಾಕುತ್ತಿದ್ದ. ದಾಗ್ನಿ ತೊಟ್ಟರೆ ಬೂಟಿನ ತನಕ ಬಂತು. ತೋಳನ್ನು ಮಡಿಸಿ ಮಡಿಸಿ ಅಜ್ಜಿಗೆ ಸಾಕಾಯಿತು. ಒಣಹುಲ್ಲು, ನಶ್ಯ, ಕಾಫಿ. ಕೋಟಿನ ತುಂಬ ಅಜ್ಜನ ವಾಸನೆ.

“ಹಾಕ್ಕೊಳ್ಳೋದು ಯಾರಿಗೂ ಬರುತ್ತೆ. ಯಾವಾಗ ಬಿಚ್ಚಬೇಕು ಅನ್ನೋದನ್ನ ಕಲಿ,” ಎಂದಳು ಅಜ್ಜಿ. “ಬೆವರೋಕೆ ಮುಂಚೆ ಒಂದು ಬಿಚ್ಚು. ಚಳಿ ಆಗೋಕೆ ಮುಂಚೆ ಒಂದು ಹಾಕು. ಆದ್ಮೇಲೆ ಅಲ್ಲ, ಮುಂಚೆ. ತಿಳೀತಾ?”

ಅಂಗಳದಲ್ಲಿ ಚಿಕ್ಕಮ್ಮನ ಮಗ ಕೋಲ್ಬೇನ್ ಕುದುರೆಯ ಮೇಲೆ ಕಾಯುತ್ತಿದ್ದ. ಅವನಿಗೆ ಹದಿನಾಲ್ಕು. ಇದು ಅವನ ನಾಲ್ಕನೆಯ ಬೆಟ್ಟ. ಆ ವಿಷಯವನ್ನು ಅವನು ದಿನಕ್ಕೆರಡು ಸಲ ಹೇಳುತ್ತಿದ್ದ.

“ಏನೇ ಇದು, ಕಿತ್ತಳೆ ಟೆಂಟಿಗೆ ಕಾಲು ಬಂದಿದೆ,” ಎಂದ.

“ನೀನೇನೋ ಜೀನ್ಸ್ ಹಾಕ್ಕೊಂಡು ಬಂದಿದೀಯ. ಬೆಟ್ಟಕ್ಕೆ ಯಾರಾದ್ರೂ ಜೀನ್ಸ್ ಹಾಕ್ತಾರಾ?”

“ನಾಳೆ ದೊಡ್ಡಿಯಲ್ಲಿ ಎಲ್ಲರೂ ಫೋಟೋ ತೆಗೀತಾರೆ. ಫೋಟೋದಲ್ಲಿ ನಾನು ಮನುಷ್ಯನ ಹಾಗೆ ಕಾಣ್ಬೇಕು. ನಿನ್ನ ಹಾಗಲ್ಲ.”

ದಾಗ್ನಿ ತನ್ನ ಕುದುರೆಯ ಬೆನ್ನ ಮೇಲಿನ ತಡಿಗೆ ಕೈ ಹಾಕಿದಳು. ಅಷ್ಟೊಂದು ಬಟ್ಟೆ ಹಾಕಿಕೊಂಡು ಕುದುರೆ ಹತ್ತುವುದೇ ದೊಡ್ಡ ಕೆಲಸವಾಗಿತ್ತು. ಗ್ಲೋಯಿ ಎಂಬ ಆ ಕಂದು ಕುದುರೆ ತಲೆ ತಿರುಗಿಸಿ, ಮೇಲೆ ಬರುತ್ತಿರುವುದು ಮನುಷ್ಯರೋ ಹುಲ್ಲಿನ ಮೂಟೆಯೋ ಎಂದು ನೋಡಿತು.

*

ಊರಾಚೆ ಸೇತುವೆಯ ಬಳಿ ಇಪ್ಪತ್ತು ಮೂವತ್ತು ಕುದುರೆಗಳು ಸೇರಿದ್ದವು. ಊರಿನ ಹಿರಿಯ ಹೆಂಗಸು ಹಾಲ್ದಿಸ್ ಎಲ್ಲರಿಗಿಂತ ಮುಂದಿದ್ದರು. ಕುರಿ ಇಳಿಸುವವರ ನಾಯಕನಿಗೆ ಅಲ್ಲಿ ಬೆಟ್ಟದ ರಾಜ ಎನ್ನುತ್ತಾರೆ. ಹೋದ ವರ್ಷದ ತನಕ ದಾಗ್ನಿಯ ಅಜ್ಜನೇ ರಾಜ. ಈ ವರ್ಷ ಹಾಲ್ದಿಸ್.

“ನಿಮ್ಮನ್ನ ರಾಣಿ ಅನ್ಬೇಕಾ?” ಎಂದು ಕೇಳಿದಳು ದಾಗ್ನಿ.

“ರಾಜ ಅನ್ನು, ರಾಣಿ ಅನ್ನು. ಕುರಿಗಳಂತೂ ಯಾರ ಮಾತೂ ಕೇಳಲ್ಲ,” ಎಂದರು ಹಾಲ್ದಿಸ್. ಆಮೇಲೆ ಕೈ ಎತ್ತಿ, “ತೋರ್ಗಿಲ್ಸ್, ಈ ಹುಡುಗಿ ನಿಮ್ಮ ಜೊತೆ ಇರ್ಲಿ,” ಎಂದರು.

ತೋರ್ಗಿಲ್ಸ್ ಹೊಳೆಯಾಚೆಯ ಮನೆಯವರು. ಅಜ್ಜನ ವಯಸ್ಸಿನವರೇ, ಆದರೆ ಅಜ್ಜನಿಗಿಂತ ಒಂದು ಗೇಣು ಗಿಡ್ಡ. ಅಂಗಡಿಯಿಂದ ಹೊಸದಾಗಿ ತಂದ, ಕಾಗದದಷ್ಟು ತೆಳ್ಳಗಿನ ನೀಲಿ ಜಾಕೆಟ್ಟು ಹಾಕಿದ್ದರು. ಅವರು ಕಿತ್ತಳೆ ಕೋಟನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

“ಬೆಚ್ಚಗಿದೆಯಾ?”

“ಹ್ಞೂಂ. ಇದು ನಮ್ಮಜ್ಜಂದು.”

“ಸರಿ ನಡಿ,” ಎಂದರು ತೋರ್ಗಿಲ್ಸ್.

ಮೊದಲು ಬಿಸಿಲು ಬಂತು. ಎಂಥ ಬಿಸಿಲು. ಬೆಟ್ಟದ ಪಾಚಿಯೆಲ್ಲ ಹಸಿರಾಗಿ ಮಿಂಚಿತು, ದೂರದ ಹಿಮಶಿಖರ ಕಣ್ಣು ಕುಕ್ಕಿತು. ಅರ್ಧ ಏರು ಹತ್ತುವುದರೊಳಗೆ ದಾಗ್ನಿಯ ಕತ್ತಿನ ಹತ್ತಿರ ಬೆಚ್ಚಗೆ ತೇವವಾಗತೊಡಗಿತು. ‘ಮುಂಚೆ’ ಎಂದ ಅಜ್ಜಿಯ ಮಾತು ನೆನಪಾಯಿತು. ಕೋಟು ಬಿಚ್ಚಿ ಸುತ್ತಿ ತಡಿಯ ಹಿಂದೆ ಕಟ್ಟಿದಳು. ಇನ್ನೊಂದು ಏರಿಗೆ ದಪ್ಪ ಸ್ವೆಟರ್ ಬಿಚ್ಚಿದಳು.

ಆಮೇಲೆ ಮಂಜು ಇಳಿಯಿತು. ಕುದುರೆಯ ಕಿವಿಯಾಚೆ ಏನೂ ಕಾಣದು. ಸ್ವೆಟರ್ ಹಾಕಿದಳು. ಮಂಜು ಹರಿದು ಗಾಳಿ ಎದ್ದಿತು. ಟೋಪಿ ಹಾಕಿದಳು. ಗಾಳಿಯ ಬೆನ್ನಿಗೇ ಆಲಿಕಲ್ಲು ಬಂದು ಪಟಪಟನೆ ಕೆನ್ನೆಗೆ ಹೊಡೆಯಿತು. ಕೋಟು ಹಾಕಿ ಅದರೊಳಗೆ ತಲೆ ಹುದುಗಿಸಿ ನಕ್ಕಳು. ಕಾಲು ಗಂಟೆಯಲ್ಲಿ ಮತ್ತೆ ಬಿಸಿಲು. ಮತ್ತೆ ಬಿಚ್ಚಿದಳು.

“ಬೆಟ್ಟಕ್ಕೆ ಬಂದಿರೋದು ಕುರಿ ಹಿಡಿಯೋಕಾ, ಬಟ್ಟೆ ಹಾಕಿ ಬಿಚ್ಚೋಕಾ?” ಎಂದು ಕೋಲ್ಬೇನ್ ದೂರದಿಂದ ಕೂಗಿದ.

“ಎರಡಕ್ಕೂ,” ಎಂದು ಕೂಗಿದಳು ದಾಗ್ನಿ.

ಅಷ್ಟರಲ್ಲಿ ಅವಳ ಕಣ್ಣೆದುರೇ ಕಪ್ಪು ಮುಖದ ಒಂದು ಕುರಿ ತನ್ನೆರಡು ಮರಿಗಳೊಡನೆ, ಅಲ್ಲಿಯ ತನಕ ಒಟ್ಟು ಮಾಡಿದ್ದ ಹಿಂಡು ಬಿಟ್ಟು ಕಣಿವೆಯ ಕಡೆ ಓಡಿತು.

“ಹೋಯ್ತು, ಹೋಯ್ತು. ಬಲಗಡೆಯಿಂದ ಸುತ್ತು ಹಾಕು,” ಎಂದರು ತೋರ್ಗಿಲ್ಸ್.

ದಾಗ್ನಿ ಗ್ಲೋಯಿಯ ಹೊಟ್ಟೆಗೆ ಹಿಮ್ಮಡಿ ತಾಗಿಸಿದಳು. ಗ್ಲೋಯಿ ಹಾರಿಯೇ ಹೋಯಿತು. ಕಲ್ಲು, ಝರಿ, ಜೌಗು, ಎಲ್ಲ ಕಾಲಡಿ ಸರಿದವು. ಕುರಿ ಎಡಕ್ಕೆ ತಿರುಗಿದರೆ ಅವಳೂ ಎಡಕ್ಕೆ. ಬಲಕ್ಕೆ ತಿರುಗಿದರೆ ಬಲಕ್ಕೆ. ಕೊನೆಗೆ ಒಂದು ಬಂಡೆಯ ಬಳಿ ಕುರಿ ನಿಂತು, ನೆಲಕ್ಕೆ ಕಾಲು ಬಡಿದು, ಮುಖ ಸಿಂಡರಿಸಿ, ಬಂದ ದಾರಿಗೇ ತಿರುಗಿತು. ದಾಗ್ನಿ ಗ್ಲೋಯಿಯ ಕತ್ತು ತಟ್ಟಿದಳು. ಇಷ್ಟು ಖುಷಿ ಅವಳಿಗೆ ಈ ತಿಂಗಳೆಲ್ಲ ಆಗಿರಲಿಲ್ಲ. ಖುಷಿಯಾಗಿದೆ ಎಂದು ತಿಳಿದ ಕೂಡಲೇ ಅಜ್ಜ ನೆನಪಾದ. ಆದರೂ ಖುಷಿ ಹೋಗಲಿಲ್ಲ.

“ಯಾರದ್ದು ನೋಡಿ ಹೇಳು,” ಎಂದರು ತೋರ್ಗಿಲ್ಸ್.

ಕಿವಿಯ ಗುರುತು ಓದುವುದು ದಾಗ್ನಿಗೆ ನೀರು ಕುಡಿದಷ್ಟು ಸುಲಭ. ಪ್ರತಿಯೊಂದು ಮನೆಯ ಕುರಿಗೂ ಕಿವಿಯಲ್ಲಿ ಬೇರೆ ಬೇರೆ ಗುರುತು. ತನ್ನ ಹೆಸರು ಬರೆಯಲು ಕಲಿಯುವ ಮೊದಲೇ ಅವಳು ಅಜ್ಜನ ಗುರುತು ಬರೆಯುತ್ತಿದ್ದಳು. ಬಲಗಿವಿಯ ತುದಿ ಸೀಳು, ಎಡಗಿವಿಗೆ ಮುಂದೆ ಒಂದು ಕಚ್ಚು.

“ನಮ್ಮದಲ್ಲ. ಬಲಗಿವಿ ಓರೆಯಾಗಿ ಕತ್ತರಿಸಿದೆ. ಎಡಗಿವಿಗೆ ಹಿಂದೆ ಎರಡು ಕಚ್ಚು. ಯಾರದ್ದಪ್ಪಾ ಇದು?”

“ನಂದು. ಹೋದ ವರ್ಷವೂ ಇದೇ ಆಟ ಆಡಿಸ್ತು, ನಿಮ್ಮಜ್ಜನಿಗೆ,” ಎಂದು ತೋರ್ಗಿಲ್ಸ್ ನಕ್ಕರು.

ಮಧ್ಯಾಹ್ನದ ಮೇಲೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಮಳೆಯೂ ಹಿಮವೂ ಕಲಸಿದಂಥದ್ದು ಅಡ್ಡಡ್ಡ ಸುರಿಯತೊಡಗಿತು. ನಿಲ್ಲಲೇ ಇಲ್ಲ. ದಾಗ್ನಿ ಕೋಟು ತೊಟ್ಟು ಗುಂಡಿಗಳನ್ನೆಲ್ಲ ಹಾಕಿ ಕಾಲರ್ ಎತ್ತಿದಳು. ಕೋಟಿನ ಮೇಲೆ ನೀರು ಹೊಳೆಯಂತೆ ಹರಿಯುತ್ತಿತ್ತು. ಒಳಗೆ ಅವಳು ಒಲೆಯ ಮುಂದೆ ಕೂತಷ್ಟು ಬೆಚ್ಚಗಿದ್ದಳು. ಅಜ್ಜನ ತೋಳೊಳಗೆ ಕೂತ ಹಾಗೆ, ಅಂದುಕೊಂಡಳು.

ಅವಳ ಎಡಕ್ಕೆ, ಗಾಳಿ ಬರುವ ಕಡೆಗೆ, ತೋರ್ಗಿಲ್ಸ್ ಕುದುರೆ ನಡೆಸುತ್ತಿದ್ದರು. ನೀಲಿ ಜಾಕೆಟ್ಟು ಅವರ ಮೈಗೆ ಅಂಟಿಹೋಗಿತ್ತು.

*

ಗುಡಿಸಲಿನ ಒಲೆಯ ಮೇಲೆ ಅಮ್ಮನ ಸೂಪು ಕುದಿಯುತ್ತಿತ್ತು. ಹಗ್ಗದ ಮೇಲೆ ಸ್ವೆಟರು, ಕಾಲುಚೀಲ, ಟೋಪಿ. ಇಡೀ ಗುಡಿಸಲು ಒದ್ದೆ ಕುರಿಯ ಹಾಗೆ ನಾರುತ್ತಿತ್ತು. ಕೋಲ್ಬೇನ್ ಮೂಗಿನ ತನಕ ಕಂಬಳಿ ಹೊದ್ದು ಒಲೆಗೆ ಒತ್ತಿಕೊಂಡೇ ಕೂತಿದ್ದ. ಅವನ ಜೀನ್ಸನ್ನು ಬಾಗಿಲಾಚೆ ಹಿಂಡಿ ಇಟ್ಟಿದ್ದರು. ಚಳಿಗೆ ಅದು ಸೆಟೆದು ತನ್ನಷ್ಟಕ್ಕೆ ತಾನೇ ಗೋಡೆಗೆ ಒರಗಿ ನಿಂತಿತ್ತು.

“ಫೋಟೋ ತೆಗೀಲಾ?” ಎಂದಳು ದಾಗ್ನಿ.

“ಸಾಯಿ,” ಎಂದಿತು ಕಂಬಳಿ.

ಅಮ್ಮ ಬಂದು ದಾಗ್ನಿಯ ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡಿದಳು. ಕಾಲಬೆರಳು ಮುಟ್ಟಿ ನೋಡಿದಳು. “ಒದ್ದೆಯೇ ಆಗಿಲ್ಲ,” ಎಂದಳು, ನಂಬಲಾಗದವಳಂತೆ. “ಹಾಗಾದ್ರೆ ನಾಳೆಯೂ ಕುದುರೆಯೇ.”

ದಾಗ್ನಿ ಕುಣಿದು, ಕೋಟನ್ನು ಒಣಹಾಕಲು ಒಳಮೈ ಹೊರಗೆ ಮಾಡಿದಳು. ಕಾಲರಿನ ಕೆಳಗೆ ಕಪ್ಪು ಶಾಯಿಯಲ್ಲಿ ಏನೋ ಬರೆದಿತ್ತು. ಅಕ್ಷರವಲ್ಲ. ಎರಡು ಕಿವಿಗಳು. ಬಟ್ಟೆ ಅದಲುಬದಲಾಗದಿರಲಿ ಎಂದು ಬೆಟ್ಟಕ್ಕೆ ಬರುವ ಹಳಬರು ಹೀಗೆ ಗುರುತು ಹಾಕಿಡುತ್ತಾರೆ.

ಬಲಗಿವಿ ಓರೆಯಾಗಿ ಕತ್ತರಿಸಿತ್ತು. ಎಡಗಿವಿಗೆ ಹಿಂದೆ ಎರಡು ಕಚ್ಚು.

ದಾಗ್ನಿ ಇನ್ನೊಂದು ಸಲ ನೋಡಿದಳು. ಆಮೇಲೆ ಕೋಟನ್ನು ಮಡಿಸಿ ಹಿಡಿದುಕೊಂಡು, ಸೂಪು ಕುಡಿಯುತ್ತಿದ್ದ ಹಾಲ್ದಿಸ್ ಅವರ ಪಕ್ಕದಲ್ಲಿ ಕೂತಳು.

“ಇದು ನಮ್ಮಜ್ಜನ ಕೋಟಲ್ವಾ?”

ಹಾಲ್ದಿಸ್ ಕಾಲರ್ ನೋಡಿದರು. “ಅಯ್ಯೋ, ಇನ್ನೂ ನಿಮ್ಮಲ್ಲೇ ಇದೆಯಾ ಇದು. ಹೋದ ವರ್ಷ ಒಂದು ಮರಿ ಹೊಳೆಗೆ ಬಿದ್ದಿತ್ತು. ನಿಮ್ಮಜ್ಜ ತನ್ನ ಕೋಟಲ್ಲೇ ಅದನ್ನ ಸುತ್ತಿ ಜೀಪಿಗೆ ಕೊಟ್ಟು ಕಳಿಸಿದ. ಅದು ಒದ್ದು ಒದ್ದು ಕೋಟನ್ನ ಚಿಂದಿ ಮಾಡಿಬಿಡ್ತು. ಮಳೆ ಬೇರೆ. ಆಗ ತೋರ್ಗಿಲ್ಸ್ ತನ್ನದನ್ನ ಬಿಚ್ಚಿಕೊಟ್ರು. ಬರೀ ಸ್ವೆಟರಲ್ಲೇ ಮನೆ ಸೇರಿದ್ರು ಪುಣ್ಯಾತ್ಮ.”

“ಅಜ್ಜ ಯಾಕೆ ವಾಪಸ್ ಕೊಡ್ಲಿಲ್ಲ?”

“ಚಳಿಗಾಲ ಕಳೀಲಿ ಕೊಡ್ತೀನಿ ಅಂದ. ಚಳಿಗಾಲ ಕಳೆಯೋ ಹೊತ್ತಿಗೆ ಹಾಸಿಗೆ ಹಿಡಿದ. ನಿಂಗೊತ್ತಲ್ಲ.”

“ತೋರ್ಗಿಲ್ಸ್ ಅವರಾದ್ರೂ ಕೇಳ್ಬಹುದಿತ್ತು.”

“ಬೆಟ್ಟದಲ್ಲಿ ಬಿಚ್ಚಿಕೊಟ್ಟ ಬಟ್ಟೇನ ಯಾರೂ ಬಾಯಿಬಿಟ್ಟು ಕೇಳಲ್ಲ ಮಗು. ನಮ್ಮಲ್ಲಿ ಹಾಗಿಲ್ಲ,” ಎಂದು ಹಾಲ್ದಿಸ್ ಪಾತ್ರೆಯ ಕಡೆ ಎದ್ದುಹೋದರು.

ದಾಗ್ನಿ ಗುಡಿಸಲಿನ ಆಚೆ ಮೂಲೆಯ ಕಡೆ ನೋಡಿದಳು. ತೋರ್ಗಿಲ್ಸ್ ಬೆನ್ನು ತಿರುಗಿಸಿ ನೀಲಿ ಜಾಕೆಟ್ಟನ್ನು ಹಿಂಡುತ್ತಿದ್ದರು. ಬಕೆಟ್ಟಿಗೆ ನೀರು ಸೊರ್ ಎಂದು ಬಿತ್ತು. ಅವರು ಕೆಮ್ಮಿದರು. ಮತ್ತೆ ಹಿಂಡಿದರು. ಮತ್ತೂ ನೀರು ಬಂತು.

ಸೇತುವೆಯ ಹತ್ತಿರವೇ ಅವರು ಕೋಟನ್ನು ಗುರುತಿಸಿದ್ದರು. ‘ಬೆಚ್ಚಗಿದೆಯಾ’ ಎಂದಷ್ಟೇ ಕೇಳಿದ್ದರು.

*

ಬೆಳಿಗ್ಗೆ ಎಲ್ಲರೂ ಕಾಫಿ ಹಿಡಿದು ರೇಡಿಯೋದ ಸುತ್ತ ನಿಂತಿದ್ದರು. ಐಸ್‌ಲ್ಯಾಂಡಿನ ದಕ್ಷಿಣ ಭಾಗಕ್ಕೆ ಇಡೀ ದಿನ ಬಿರುಗಾಳಿ, ಹಿಮ ಬೆರೆತ ಮಳೆ ಎಂದು ರೇಡಿಯೋ ಹೇಳಿತು. “ಹೊಸದೇನು ಹೇಳ್ತಾನೆ ಇವನು,” ಎಂದು ಯಾರೋ ಗೊಣಗಿದರು.

ದಾಗ್ನಿ ತನ್ನ ಬಟ್ಟೆಗಳನ್ನು ಒಂದೊಂದಾಗಿ ಹಾಕಿಕೊಂಡಳು. ಚುಚ್ಚುವ ಅಂಗಿ. ತೆಳು ಸ್ವೆಟರ್. ದಪ್ಪ ಸ್ವೆಟರ್. ಬ್ರೆಡ್ ಕವರ್. ಕೋಟು ಮೊಳೆಯಲ್ಲಿ ತೂಗುತ್ತಿತ್ತು.

ಮಧ್ಯಾಹ್ನ ದೊಡ್ಡಿ ಸೇರಿದ ಮೇಲೆ ಕೊಟ್ಟರಾಯಿತು. ಇಡೀ ವರ್ಷ ಕಾದಿದ್ದಾರೆ, ಇನ್ನರ್ಧ ದಿನಕ್ಕೇನು? ಯಾರೂ ಏನೂ ಅನ್ನುವುದಿಲ್ಲ. ತೋರ್ಗಿಲ್ಸ್ ಅಂತೂ ಅನ್ನುವುದೇ ಇಲ್ಲ. ಅಮ್ಮನ ಜಾಕೆಟ್ಟನ್ನಾದರೂ ಕೇಳಬಹುದೇ ಎಂದು ನೋಡಿದಳು. ಅದಕ್ಕೆ ಒಳಗೆ ಪುಕ್ಕ ತುಂಬಿತ್ತು. ಮಳೆ ಬಿದ್ದರೆ ಹತ್ತು ನಿಮಿಷಕ್ಕೆ ತೊಯ್ದ ಕೋಳಿ.

ಕಿಟಕಿಯಾಚೆ ಹಿಂಡು ಮಿಸುಕಾಡುತ್ತಿತ್ತು. ಬಿಳಿ, ಕಂದು, ಕಪ್ಪು, ಸಾವಿರ ಬೆನ್ನುಗಳು. ಗ್ಲೋಯಿ ಬೇಲಿಯ ಮೇಲಿಂದ ಕತ್ತು ಚಾಚಿ ಗುಡಿಸಲಿನ ಬಾಗಿಲನ್ನೇ ನೋಡುತ್ತಿತ್ತು. ಮಧ್ಯಾಹ್ನ ದೊಡ್ಡಿಯ ಕಲ್ಲುಗೋಡೆಯ ಮೇಲೆ ಇಡೀ ಕ್ಲಾಸು ಕೂತಿರುತ್ತದೆ.

ದಾಗ್ನಿ ಕೋಟನ್ನು ಮೊಳೆಯಿಂದ ತೆಗೆದಳು. ಮಡಿಸಿದ್ದ ತೋಳುಗಳನ್ನು ಒಂದೊಂದೇ ಸುತ್ತು ಬಿಚ್ಚಿದಳು. ಬಿಚ್ಚುತ್ತ ಅಮ್ಮನ ಹತ್ತಿರ ಹೋಗಿ, “ನಾನು ಜೀಪಲ್ಲಿ ಬರ್ತೀನಿ,” ಎಂದಳು.

“ಯಾಕೆ? ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಮಳೆಕೋಟಿಲ್ಲ.”

ಅಮ್ಮ ಅವಳ ಕೈಯಲ್ಲಿದ್ದ ಕೋಟನ್ನು ನೋಡಿದಳು. ಕಾಲರ್ ಹೊರಳಿಕೊಂಡಿತ್ತು. ಅಮ್ಮನಿಗೆ ಆ ಊರಿನ ಗುರುತುಗಳೆಲ್ಲ ಬಾಯಿಪಾಠ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ತೋರ್ಗಿಲ್ಸ್ ಹೊರಗೆ, ಸೂರಿನ ಕೆಳಗೆ, ಕುದುರೆಗೆ ತಡಿ ಬಿಗಿಯುತ್ತಿದ್ದರು. ನೀಲಿ ಜಾಕೆಟ್ಟು ಇನ್ನೂ ಒದ್ದೆಯಾಗಿಯೇ ಇತ್ತು.

ದಾಗ್ನಿ ಎರಡೂ ಕೈಯಲ್ಲಿ ಕೋಟನ್ನು ಚಾಚಿದಳು.

“ಅಜ್ಜ ತಡ ಮಾಡಿಬಿಟ್ಟ,” ಎಂದಳು.

ತೋರ್ಗಿಲ್ಸ್ ತಡಿಯ ಪಟ್ಟಿಯನ್ನು ಕೈಬಿಟ್ಟರು. ಕೋಟನ್ನು ನೋಡಿದರು. ಅವಳ ಹಿಂದೆ, ಬೆಟ್ಟದ ಮೇಲಿಂದ ಇಳಿದು ಬರುತ್ತಿದ್ದ ಬೂದು ಪರದೆಯನ್ನು ನೋಡಿದರು.

“ತಡ ಏನಿಲ್ಲ,” ಎಂದರು. “ಮಳೆ ಈಗಷ್ಟೇ ಶುರುವಾಗ್ತಿದೆ.”

ಅವರು ನೀಲಿ ಜಾಕೆಟ್ಟನ್ನು ಬಿಚ್ಚಿ ಕೋಟಿನೊಳಗೆ ಕೈ ತೂರಿಸಿದರು. ಒಂದು ಕೈ, ಆಮೇಲೆ ಇನ್ನೊಂದು. ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕಿಕೊಂಡರು.

ಹೋದ ಚಳಿಗಾಲದಲ್ಲಿ ಈ ಕೋಟಿನ ತೋಳಾಚೆ ಅಜ್ಜನ ಮಣಿಕಟ್ಟು ಯಾವಾಗಲೂ ಕಾಣುತ್ತಿತ್ತು, ಚಳಿಗೆ ಕೆಂಪಾಗಿ. ದೊಡ್ಡವರ ಕೋಟುಗಳೇ ಹಾಗೆ ಎಂದು ದಾಗ್ನಿ ತಿಳಿದಿದ್ದಳು.

ತೋರ್ಗಿಲ್ಸ್ ಕೈ ಕೆಳಗೆ ಬಿಟ್ಟರು. ತೋಳು ಸರಿಯಾಗಿ ಅಂಗೈ ಶುರುವಾಗುವಲ್ಲಿಗೆ ಬಂದು ನಿಂತಿತು.